ಲಾಭ, ಎರಡು, ಮೂರು

ಹೋದ ವಾರ ಗುತ್ತಲದಿಂದ ಹಾವೇರಿಗೆ ಬರುವಾಗ ನಮ್ಮ ಬಸ್ಸು ದಾರಿಯಲ್ಲೇ ನಿಂತುಬಿಟ್ಟಿತು. ಅರ್ಧ ರಸ್ತೆಯ ತುಂಬ ಗೋವಿನಜೋಳ ಹರವಿದ್ದರು. ಉಳಿದ ಅರ್ಧದಲ್ಲಿ ಎದುರಿನಿಂದ ಟ್ರ್ಯಾಕ್ಟರು ಬಂತು. ಹಿಂದೆ ಸರಿಯುವವರು ಯಾರು ಎಂದು ಎರಡೂ ಕಡೆಯ ಡ್ರೈವರುಗಳಿಗೆ ವಾದ ಹತ್ತಿತು. ನಾನು ಗಡಿಯಾರ ನೋಡುತ್ತ, ರಾಣೆಬೆನ್ನೂರಿನ ಬಸ್ಸು ತಪ್ಪಿತಲ್ಲ ಎಂದು ಒಳಗೊಳಗೇ ಇಬ್ಬರನ್ನೂ ಬೈಯುತ್ತಿದ್ದೆ. ಬಿಸಿಲಿಗೆ ಕಾದ ಜೋಳದ ವಾಸನೆ ಕಿಟಕಿಯಿಂದ ಒಳಗೆ ಬಂತು. ಅದರ ಹಿಂದೆಯೇ ಒಂದು ದನಿಯೂ ಬಂತು. ರಸ್ತೆಯ ಪಕ್ಕ ಒಬ್ಬ ಹೆಂಗಸು ಸೇರಿನಿಂದ ಕಾಳು ಅಳೆದು ಚೀಲಕ್ಕೆ ಸುರಿಯುತ್ತಿದ್ದಳು.

"ಲಾಭ, ಲಾಭ, ಲಾಭ... ಎರಡು, ಎರಡು, ಎರಡು..."

ನನಗೆ ಜೋರಾಗಿ ನಗು ಬಂದುಬಿಟ್ಟಿತು. ಪಕ್ಕದಲ್ಲಿ ಕೂತಿದ್ದ ಅಜ್ಜ ತಿರುಗಿ ನೋಡಿ, "ಯಾಕವ್ವಾ, ಒಬ್ಬಾಕೀನ ನಗಾಕತ್ತೀದಿ?" ಎಂದ.

"ಏನಿಲ್ರಿ ಅಜ್ಜಾರ, ಒಬ್ಬಾಕಿ ನೆನಪಾದ್ಲು," ಎಂದೆ.

ಆಕೆಯ ಹೆಸರು ದ್ಯಾಮಕ್ಕ. ಆಗ ಆಕೆಗೆ ಏಳು ವರ್ಷ.

ಆ ವರ್ಷ ನಾನು ಕರ್ಜಗಿಯಿಂದ ಇನ್ನೂ ಒಳಗಿರುವ ಒಂದು ಹಳ್ಳಿಯ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಹೋಗುತ್ತಿದ್ದೆ. ಅತಿಥಿ ಎಂಬುದು ಹೆಸರಿಗೆ ಅಷ್ಟೆ. ಬೆಳಿಗ್ಗೆ ಏಳಕ್ಕೆ ರಾಣೆಬೆನ್ನೂರು ಬಿಟ್ಟು, ಹಾವೇರಿಯಲ್ಲಿ ಬಸ್ಸು ಬದಲಿಸಿ, ಕರ್ಜಗಿಯಲ್ಲಿ ಇಳಿದು, ಅಲ್ಲಿಂದ ಹಾಲಿನ ಗಾಡಿಯಲ್ಲೋ ಯಾರದಾದರೂ ಬೈಕಿನ ಹಿಂದೆಯೋ ಕೂತು ಶಾಲೆ ಮುಟ್ಟುವಷ್ಟರಲ್ಲಿ ಅತಿಥಿಯ ಮುಖ ಗುರುತು ಸಿಗದಷ್ಟು ಧೂಳಾಗಿರುತ್ತಿತ್ತು. ನಮ್ಮದು ಪೇಟೆಯಲ್ಲಿ ಅರಿವೆ ಅಂಗಡಿ, ಬಟ್ಟೆಯ ವ್ಯಾಪಾರ. ಹೊಲ ಎಂಬುದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೆಚ್ಚು. ಆದರೂ ನಾನು ಇದೇ ಜಿಲ್ಲೆಯವಳು, ಇಲ್ಲಿನ ಮಕ್ಕಳ ಮಾತು ನನಗೆ ತಿಳಿಯದೇ ಏನು ಎಂಬ ಜಂಬ ಮಾತ್ರ ಬೇಕಾದಷ್ಟಿತ್ತು.

ನನಗೆ ಕೊಟ್ಟದ್ದು ಎರಡನೆಯ ತರಗತಿಯ ಗಣಿತ. ಓದುವಾಗ ನನಗೇ ಗಣಿತವೆಂದರೆ ಅಷ್ಟಕ್ಕಷ್ಟೆ. ಬಾಯಿಪಾಠ ಮಾಡಿ ಪಾಸಾದವಳು ನಾನು. ಅದಕ್ಕೇ ಈ ಮಕ್ಕಳಿಗೆ ಹಾಗೆ ಕಲಿಸಬಾರದು ಎಂದು ಹಟ ಹಿಡಿದಿದ್ದೆ. ಲೆಕ್ಕ ಮಾಡುವಾಗ ತಲೆಯಲ್ಲಿ ಏನು ನಡೆಯಿತೋ ಅದನ್ನು ಬಾಯಿಬಿಟ್ಟು ಹೇಳಬೇಕು, ಆಮೇಲೆ ಚಿತ್ರ ಬರೆದೋ ಅಕ್ಷರ ಬರೆದೋ ಪುಸ್ತಕದಲ್ಲಿ ತೋರಿಸಬೇಕು. ಅದಕ್ಕೆಂದು ಒಬ್ಬೊಬ್ಬರಿಗೂ ಒಂದು ತೆಳು ನೋಟುಬುಕ್ಕು ಕೊಟ್ಟು, ಅದಕ್ಕೆ 'ಮಾತಿನ ಲೆಕ್ಕ' ಎಂದು ಹೆಸರಿಟ್ಟಿದ್ದೆ. "ಹೆಂಗ ತಿಳೀತು ಹೇಳು" ಎಂಬುದು ದಿನಕ್ಕೆ ನಲವತ್ತು ಸಲ ನಾನು ಆಡುತ್ತಿದ್ದ ಮಾತು.

ಹೆಡ್ ಮಾಸ್ತರರಾದ ಪಾಟೀಲ ಸರ್ ಅವರಿಗೆ ಇದು ಸೇರುತ್ತಿರಲಿಲ್ಲ. "ಲೆಕ್ಕ ಅಂದ್ರ ಬಾಯಿ ಮುಚ್ಚಿ ಮಾಡೂದ್ರಿ ಅಕ್ಕೋರ. ನಿಮ್ಮ ಕ್ಲಾಸು ಸಂತಿ ಆಗೇತಿ," ಎನ್ನುತ್ತಿದ್ದರು. ಕೆಟ್ಟವರಲ್ಲ. ನಾನು ಬುತ್ತಿ ಮರೆತ ದಿನ ತಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುತ್ತಿದ್ದರು, ಕೊಡುತ್ತಲೇ ಬೈಯುತ್ತಿದ್ದರು.

ಜುಲೈ ತಿಂಗಳ ಒಂದು ದಿನ ಒಬ್ಬೊಬ್ಬರ ಮುಂದೂ ಇಪ್ಪತ್ನಾಲ್ಕು ಹುಣಸೆಬೀಜ ಇಟ್ಟು ಗಟ್ಟಿಯಾಗಿ ಎಣಿಸಲು ಹೇಳಿದೆ. ದ್ಯಾಮಕ್ಕನ ಸರದಿ ಬಂತು. ಸಾನ್ವಿ, ಸೃಷ್ಟಿ, ಅಮೂಲ್ಯ ಎಂಬ ಹುಡುಗಿಯರ ನಡುವೆ ಅಜ್ಜಿಯ ಹೆಸರು ಹೊತ್ತು ಕೂತಿದ್ದ ಗಿಡ್ಡ ಹುಡುಗಿ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಒಂದು ಬೀಜ ಎತ್ತಿಕೊಂಡು, "ಲಾಭ, ಲಾಭ, ಲಾಭ," ಎಂದಳು. ಇನ್ನೊಂದು ಎತ್ತಿ, "ಎರಡು, ಎರಡು, ಎರಡು," ಎಂದಳು.

ತರಗತಿ ಗೊಳ್ಳೆಂದು ನಕ್ಕಿತು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತಲ್ಲ, "ಲಾಭ ಅಲ್ಲವಾ, ಒಂದು. ಲಾಭ-ನಷ್ಟ ದೊಡ್ಡ ಕ್ಲಾಸಿನ ಪಾಠ, ನಿನಗ್ಯಾಕ ಈಗ? ಮತ್ತ ಒಂದು ಬೀಜಕ್ಕ ಒಂದ ಸಲ ಹೇಳಬೇಕು, ಮೂರು ಸಲ ಅಲ್ಲ," ಎಂದೆ. ಆಕೆ ಬೀಜ ಕೆಳಗಿಟ್ಟಳು. ಮರುದಿನದಿಂದ ಹುಡುಗರು ಆಕೆಯನ್ನು 'ಏ ಲಾಭ' ಎಂದು ಕರೆಯತೊಡಗಿದರು.

ಆಮೇಲೆ ಒಮ್ಮೆ ಅದೇ ಬೀಜ ಎಣಿಸಿ ಪುಸ್ತಕದಲ್ಲಿ ಬರೆಯಲು ಹೇಳಿದಾಗ ದ್ಯಾಮಕ್ಕ ಎಣಿಸುತ್ತ, ಅಂಗಳದಿಂದ ಆರಿಸಿ ತಂದಿದ್ದ ಸಣ್ಣ ಕಲ್ಲುಗಳನ್ನು ಬದಿಗಿಡುತ್ತಿದ್ದಳು. "ಕಲ್ಲಾಡಬ್ಯಾಡ," ಎಂದು ಗದರಿದೆ. ಸಂಜೆ ಪುಸ್ತಕ ತೆರೆದರೆ, ಇಪ್ಪತ್ನಾಲ್ಕು ಇರಬೇಕಾದಲ್ಲಿ 004 ಎಂದಿತ್ತು. ಎರಡು ಸೊನ್ನೆ, ಮುಂದೆ ಒಂದು ನಾಲ್ಕು. ಕೆಂಪು ಪೆನ್ನಿನಿಂದ ಅಡ್ಡಗೀಟು ಹಾಕಿ ಎತ್ತಿಟ್ಟೆ.

ಅಲ್ಲಿಂದ ಆಕೆ ಗಣಿತದ ತಾಸಿನಲ್ಲಿ ತುಟಿ ಬಿಚ್ಚಲೇ ಇಲ್ಲ. ಕನ್ನಡದ ತಾಸಿನಲ್ಲಿ ಪಟಪಟ ಮಾತಾಡುವ ಹುಡುಗಿ ಅಂಕಿ ಕಂಡಕೂಡಲೇ ತಲೆ ತಗ್ಗಿಸುತ್ತಿದ್ದಳು. ಮಾತಿನಿಂದಲೇ ಲೆಕ್ಕ ಕಲಿಸುತ್ತೇನೆ ಎಂದು ಹೊರಟ ನಾನು ಒಂದು ಮಗುವಿನ ಮಾತನ್ನೇ ನಿಲ್ಲಿಸಿದ್ದೆ. ಅದು ಆಗ ನನಗೆ ಹೊಳೆಯಲೂ ಇಲ್ಲ. ಹುಡುಗಿ ಸ್ವಲ್ಪ ಮಂದ ಎಂದುಕೊಂಡಿದ್ದೆ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ದಸರಾ ಸೂಟಿ ಮುಗಿದು ಶಾಲೆ ತೆರೆದ ದಿನ ಪಾಟೀಲ ಸರ್ ನನ್ನನ್ನು ಕರೆದರು. "ಆ ದ್ಯಾಮಕ್ಕಗ ಎಣಿಕೀನ ಬರಂಗಿಲ್ಲ. ದೀಪಾವಳಿ ಮುಗಿದ ಮ್ಯಾಲ ಒಂದನೇ ಕ್ಲಾಸಿನ್ಯಾಗ ಕುಂದ್ರಸೋಣ. ಅವ್ರ ಅಪ್ಪಗ ಹೇಳೇನಿ, ಹ್ಞೂಂ ಅಂದಾನ," ಎಂದರು. ನಾನೂ ತಲೆಯಾಡಿಸಿ ಬಂದೆ.

ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಶಾಲೆಗೆ ಹಬ್ಬಿತು. ಹಬ್ಬಿಸಿದವನು ಒಂದನೆಯ ತರಗತಿಯಲ್ಲಿದ್ದ ಆಕೆಯ ತಮ್ಮ ಮಂಜ. "ನಮ್ಮಕ್ಕ ಇನ್ಮ್ಯಾಲ ನನ್ನ ಬಾಜೂಕ ಕುಂದ್ರತಾಳು!" ಎಂದು ತಟ್ಟೆ ಬಡಿದುಕೊಂಡು ಕುಣಿದ. ಅವನಿಗೆ ಅದು ಹಬ್ಬ. ದ್ಯಾಮಕ್ಕ ಅನ್ನ ಬಿಟ್ಟು ಎದ್ದು ಬಂದು ನನ್ನ ಸೀರೆಯ ಸೆರಗಿನ ಅಂಚು ಹಿಡಿದಳು.

"ಅಕ್ಕೋರ, ನನ್ನ ಮಂಜ್ಯಾನ ಬಾಜೂಕ ಕುಂದ್ರಸಬ್ಯಾಡ್ರಿ. ನನಗ ಎಣಸಾಕ ಬರತೈತ್ರಿ."

"ಬಂದ್ರ ಯಾಕ ಎಣಸವಲ್ಲಿ?" ಎಂದೆ.

ಆಕೆ ಸೆರಗಿನ ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅವತ್ತು ಶಾಲೆ ಬಿಟ್ಟಮೇಲೆ ಮನೆಯವರನ್ನೊಮ್ಮೆ ಮಾತಾಡಿಸಿಯೇ ಹೋಗೋಣ ಎಂದು, ತಿದ್ದಲು ಒಯ್ಯುತ್ತಿದ್ದ ಪುಸ್ತಕಗಳ ಚೀಲ ಹೆಗಲಿಗೆ ಹಾಕಿಕೊಂಡು ಆಕೆಯ ಮನೆಯ ಕಡೆ ನಡೆದೆ.

ಅಂಗಳದ ತುಂಬ ಗೋವಿನಜೋಳದ ರಾಶಿ. ಮಾರುವ ಚೀಲಗಳು ಆಗಲೇ ಹೋಗಿದ್ದವು. ತೆನೆ ಮುರಿಯಲು ಬಂದಿದ್ದ ಹೆಣ್ಣುಮಕ್ಕಳಿಗೆ ಕೊಡುವ ಕಾಳನ್ನು ದೊಡ್ಡ ದ್ಯಾಮಕ್ಕ, ಎಂದರೆ ಅಜ್ಜಿ, ಮಕ್ಕಳ ಬಾಯಲ್ಲಿ ಆಯಿ, ಸೇರಿನಿಂದ ತಾನೇ ಅಳೆಯುತ್ತಿದ್ದಳು. ಪಕ್ಕದಲ್ಲಿ ಸಣ್ಣ ದ್ಯಾಮಕ್ಕ ಕಲ್ಲಿನ ಗುಂಪು ಇಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದಳು.

"ಲಾಭ, ಲಾಭ, ಲಾಭ," ಎಂದಳು ಅಜ್ಜಿ. ಸೇರು ಸುರಿದು ಮತ್ತೆ ತುಂಬುವವರೆಗೂ ಅದನ್ನೇ ಅನ್ನುತ್ತಿದ್ದಳು. ಆಮೇಲೆ "ಎರಡು, ಎರಡು, ಎರಡು." ಹತ್ತು ಮುಟ್ಟಿದ ಕೂಡಲೇ ಮೊಮ್ಮಗಳು ಒಂದು ಕಲ್ಲು ಎತ್ತಿ ಬದಿಗಿಟ್ಟಳು. ಅಜ್ಜಿ ಮತ್ತೆ "ಲಾಭ"ದಿಂದ ಹಿಡಿದಳು. ನಡುವೆ ಕೋಳಿಯೊಂದು ರಾಶಿಗೆ ನುಗ್ಗಿತು. ಅಜ್ಜಿ ಎಣಿಕೆ ಬಿಟ್ಟು, "ಹುಶ್, ನಿನ್ನ ಬಾಯಾಗ ಮಣ್ಣು ಹಾಕ!" ಎಂದು ಅದರ ಹಿಂದೆ ಓಡಿದಳು. ಓಡಿಸಿ, ಕೆಮ್ಮಿ, ನೀರು ಕುಡಿದು ಬರುವವರೆಗೂ ಸಣ್ಣ ದ್ಯಾಮಕ್ಕ ಒಂದೇ ಸಮನೆ "ಏಳು, ಏಳು, ಏಳು, ಏಳು," ಎನ್ನುತ್ತ ಆ ಅಂಕಿಯನ್ನು ಕಾಯ್ದುಕೊಂಡು ಕೂತಿದ್ದಳು. ಅಜ್ಜಿ ಬಂದು ಕೂತು "ಎಂಟು" ಎಂದಳು.

ಕೊನೆಗೆ ಕೇಳಿದಳು: "ಎಷ್ಟಾತ ದ್ಯಾಮಿ?"

"ಮೂರು ಕಲ್ಲು, ಆರು."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಮೂರು ಹತ್ತು, ಒಂದು ಆರು. ಮೂವತ್ತಾರು! ಚೀಲದಿಂದ ಆಕೆಯ ಪುಸ್ತಕ ಹುಡುಕಿ ತೆಗೆದೆ. ನನ್ನ ಕೆಂಪು ಗೀಟಿನ ಕೆಳಗೆ ಆ 004 ಹಾಗೇ ಇತ್ತು.

"ದ್ಯಾಮಕ್ಕ, ಇದೇನು?"

"ಎರಡು ಕಲ್ಲ್ರಿ, ನಾಕು," ಎಂದಳು ಮೆಲ್ಲಗೆ. ಆಮೇಲೆ, "ನೀವ ಗೀಟ್ ಹೊಡದ್ರಿ," ಎಂದಳು.

ನಾನು ಸೊನ್ನೆ ಎಂದು ಓದಿದ್ದು ಎರಡು ಕಲ್ಲಿನ ಚಿತ್ರ! ಹುಡುಗಿ ಇಪ್ಪತ್ನಾಲ್ಕನ್ನು ಸರಿಯಾಗಿಯೇ ಬರೆದಿದ್ದಳು, ಓದಲು ಬಾರದವಳು ನಾನು. ಅಜ್ಜಿಗೆ ಎಲ್ಲ ಹೇಳಿದೆ. ಅಜ್ಜಿ ಸೇರು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಯ್ಯ ಶಿವನ! ಇಷ್ಟೂ ಗೊತ್ತಿಲ್ಲೇನವಾ ನಿನಗ? ಯಾ ಊರಾಕಿ ನೀ?"

"ರಾಣೆಬೆನ್ನೂರ್ರಿ."

"ರಾಣೆಬೆನ್ನೂರಾಗ ಕಾಳು ಅಳಿಯಂಗಿಲ್ಲೇನು?"

"ನಮ್ದು ಅರಿವಿ ಅಂಗಡಿರಿ ಆಯಿ."

"ಹಂಗನ್ನು, ಮೀಟರ್ ಪಟ್ಟಿ ಹಿಡ್ಕೊಂಡು ಬೆಳದಾಕಿ," ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆಮೇಲೆ ಕೂಡಿಸಿಕೊಂಡು ಪಾಠ ಮಾಡಿದಳು. ರಾಶಿಯ ಮೊದಲ ಸೇರಿಗೆ ಒಂದು ಎನ್ನಬಾರದು. ಒಂದು ಎಂದರೆ ಒಂದೇ ಉಳಿಯುತ್ತದೆ, ಲಾಭ ಎಂದರೆ ಬೆಳೆಯುತ್ತದೆ. ಅಂಕಿಯನ್ನು ಬಾಯಲ್ಲಿ ಹಿಡಿದುಕೊಂಡೇ ಇರಬೇಕು. ಬಿಟ್ಟರೆ ಯಾರಾದರೂ ಮಾತಾಡಿಸಿದಾಗ ಓಡಿಹೋಗುತ್ತದೆ. ಇಷ್ಟು ಹೇಳಿ ಮುಗಿಸಿ, "ಇದನ್ನೂ ಬರ್ಕೋ ಬೇಕಾದ್ರ," ಎಂದಳು. ಖರೇನೇ ಬರೆದುಕೊಂಡೆ.

ರಾಣೆಬೆನ್ನೂರಿಗೆ ಬಂದು ಅವ್ವನ ಮುಂದೆ ಹೇಳಿದರೆ ಆಕೆ, "ನಮ್ಮ ತವರಮನ್ಯಾಗೂ ಹಂಗ ಅಳೀತಿದ್ರಲ್ಲ. ನೀ ಸೂಟ್ಯಾಗ ಹೋದಾಗ ಮೊಬೈಲ್ ನೋಡ್ಕೋತ ಕುಂತಿರ್ತಿದ್ದಿ," ಎಂದು ನನ್ನ ಜಂಬದ ಉಳಿದ ಚೂರನ್ನೂ ಇಳಿಸಿದಳು.

ಮರುದಿನ ತರಗತಿಯಲ್ಲಿ ಎಲ್ಲರೆದುರು ಹೇಳಿದೆ: "ದ್ಯಾಮಕ್ಕ ಎಣಿಸಿದ್ದು ಸರಿ ಇತ್ತು. ನನಗ ತಿಳಿದಿದ್ದಿಲ್ಲ. ತಪ್ಪು ನಂದು." ಆಕೆಯ ಪುಸ್ತಕದ ಕೆಂಪು ಗೀಟಿನ ಪಕ್ಕ ನನ್ನ ಹೆಸರು ಬರೆದು 'ಇದು ಅಕ್ಕೋರ ತಪ್ಪು' ಎಂದು ಹಾಕಿದೆ. ಮಕ್ಕಳಿಗೆ ನಗುವುದೋ ಬಿಡುವುದೋ ತಿಳಿಯಲಿಲ್ಲ. "ನಿಮಗೂ ಲಾಭ ಗೊತ್ತಿತ್ತೇನು?" ಎಂದು ಕೇಳಿದರೆ ಅರ್ಧಕ್ಕರ್ಧ ಕೈಗಳು ಮೇಲೆದ್ದವು.

"ಮತ್ತ್ಯಾಕ ನಕ್ರಿ?"

"ಅದು ಕಣದಾಗ ಅನ್ನೂದ್ರಿ ಅಕ್ಕೋರ. ಸಾಲ್ಯಾಗ ಅನ್ನಬಾರ್ದು," ಎಂದಳು ಸಾನ್ವಿ.

"ಇವತ್ತಿಂದ ಸಾಲ್ಯಾಗೂ ಅನ್ನೂದು," ಎಂದೆ.

ಅಷ್ಟು ಹೇಳಿದ್ದೇ ತಡ. ಲಾಭದಿಂದ ಹಿಡಿದು ಕಿಟಕಿಯ ಸರಳು, ಚಪ್ಪಲಿ, ಹಂಚು, ಬಾಗಿಲಾಚೆ ಮಲಗಿದ್ದ ನಾಯಿಯ ಮರಿ, ಎಲ್ಲವನ್ನೂ ಎಣಿಸಿದರು. ಎಣಿಸಿದ್ದನ್ನು ತಮ್ಮ ತಮ್ಮ ಮಾತಿನಲ್ಲಿ ಬರೆದರು. ದ್ಯಾಮಕ್ಕನ ಮಾತು ಮೊದಲು ಪಿಸುಗುಟ್ಟುತ್ತ ಬಂತು, ಆಮೇಲೆ ನಿಲ್ಲಿಸುವವರಿಲ್ಲ. ಆದರೆ ಬರೆಯುವಾಗ ಮಾತ್ರ ಕಲ್ಲು ಬಿಡಲೊಲ್ಲಳು. ಮೂವತ್ತೈದಕ್ಕೆ 0005. ನಾನು 'ಹೀಗಲ್ಲ' ಎನ್ನಲಿಲ್ಲ. ಆ ಮಾತಿನಿಂದ ಒಮ್ಮೆ ಕೈ ಸುಟ್ಟುಕೊಂಡಿದ್ದೆ. ಹಲಗೆಯ ಮೇಲೆ ಆಕೆಯದನ್ನೂ ಬರೆದೆ, ಪಕ್ಕದಲ್ಲಿ 35 ಎಂದೂ ಬರೆದೆ. "ಎರಡೂ ಒಂದ ಹೇಳತಾವು. ಹೆಂಗ ಅಂತ ನೀವ ಹುಡುಕ್ರಿ," ಎಂದು ಸುಮ್ಮನೆ ಕೂತೆ. ನನಗೆ ಸುಮ್ಮನೆ ಕೂರುವುದು ಎಂಥ ಕಷ್ಟ ಎಂಬುದನ್ನು ನಮ್ಮ ಮನೆಯವರನ್ನು ಕೇಳಬೇಕು.

ಒಬ್ಬ, ಮೂರು ಸೊನ್ನೆ ಇವೆ ಎಂದ. ಇನ್ನೊಬ್ಬಳು, ಸೊನ್ನೆ ಅಲ್ಲ ಅವು ಕಲ್ಲು ಎಂದು ಅವನಿಗೆ ಗದರಿದಳು. ಗದ್ದಲವೋ ಗದ್ದಲ. ದ್ಯಾಮಕ್ಕ ಹಲಗೆಯ ಹತ್ತಿರ ಬಂದು, ಬೆರಳಿನಿಂದ ಮೂರು ಕಲ್ಲು ಮುಟ್ಟಿ, ಆಮೇಲೆ 35ರ ಮೂರನ್ನು ಮುಟ್ಟಿದಳು. ತಟ್ಟನೆ ನನ್ನ ಕಡೆ ತಿರುಗಿದಳು.

"ಅಕ್ಕೋರ! ಈ ಮೂರು, ಕಲ್ಲಿನ ಮೂರೇನ್ರಿ?"

"ಹೌದವಾ."

"ಯವ್ವಾ! ಮತ್ತ ಕಲ್ಲ ತಗಿಯೂದ ಬ್ಯಾಡಲ್ರಿ. ಎಷ್ಟು ಕಲ್ಲಂತ ಬರದ್ರ ಆತು!"

ಆಕೆ ಕುಣಿದಳು, ನಾನೂ ಕುಣಿದೆ. ನನ್ನ ಜೀವಮಾನದಲ್ಲಿ ಹತ್ತರ ಸ್ಥಾನ ನನಗೂ ಅವತ್ತೇ ತಿಳಿದದ್ದು ಎಂದರೆ ನೀವು ನಂಬಬೇಕು.

ದೀಪಾವಳಿಗೆ ನಾಲ್ಕು ದಿನವಿತ್ತು. ಪಾಟೀಲ ಸರ್ ಅವರಿಗೆ ಹೇಗೆ ಹೇಳುವುದು ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಸೃಷ್ಟಿ ಆ ಕೆಲಸ ಮಾಡಿಬಿಟ್ಟಳು. ಆಕೆಯ ಅವ್ವ ಬ್ಯಾಡಗಿಗೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಎಣಿಸಲು ಮನೆಯಿಂದ ಏನಾದರೂ ತನ್ನಿ ಎಂದು ಮಕ್ಕಳಿಗೆ ಹೇಳಿದ್ದೆ, ಹುಡುಗಿ ಒಂದು ಚೀಲ ತೊಟ್ಟು ತಂದು ಫ್ಯಾನಿನ ಕೆಳಗೆ ಸುರಿದಳು. ಮೊದಲು ಅಮೂಲ್ಯ ಸೀನಿದಳು, ಆಮೇಲೆ ನಾನು, ಆಮೇಲೆ ಇಡೀ ಕೋಣೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಆದರೂ ಎಣಿಕೆ ನಿಲ್ಲಲಿಲ್ಲ. ಮಕ್ಕಳು ಈಗ ಸೀನುಗಳನ್ನು ಎಣಿಸತೊಡಗಿದ್ದರು.

"ಗಣಿತದ ತಾಸೇನ್ರಿ ಇದು?" ಎಂದು ಪಾಟೀಲ ಸರ್ ಬಾಗಿಲಲ್ಲಿ ಗುಡುಗಿದರು. ಗುಡುಗಿ, ಉಸಿರೆಳೆದು, "ಆಕ್ಷೀ!" ಎಂದರು.

"ಲಾಭ!" ಎಂದಿತು ಇಡೀ ತರಗತಿ.

"ಆಕ್ಷೀ!"

"ಎರಡು!"

ಫ್ಯಾನು ನಿಲ್ಲಿಸಿ, ತೊಟ್ಟು ಹೊರಗೆ ಹಾಕಿ, ಎಲ್ಲರೂ ಮೂಗು ಒರೆಸಿಕೊಂಡಮೇಲೆ ಸರ್ ಕುರ್ಚಿ ಎಳೆದು ಕೂತರು. ನಾನು ತಡವರಿಸುತ್ತ ಎಲ್ಲ ಹೇಳಿದೆ. "ಆತು, ಇವತ್ತ ನೋಡೇಬಿಡೋಣ," ಎಂದು ಡಬ್ಬಿಯಿಂದ ಎರಡು ಹಿಡಿ ಹುಣಸೆಬೀಜ ತೆಗೆದು, ಮನಸ್ಸಿನಲ್ಲೇ ಎಣಿಸಿಕೊಂಡು ಮೇಜಿನ ಮೇಲಿಟ್ಟರು. "ಬಾ ತಂಗಿ, ಎಷ್ಟದಾವು ಹೇಳು."

ದ್ಯಾಮಕ್ಕ ಮೇಜಿನ ಹತ್ತಿರ ಬಂದಳು. ಒಂದನೆಯ ತರಗತಿಯಿಂದ ಎದ್ದುಬಂದ ಮಂಜ ಬಾಗಿಲಲ್ಲಿ ಇಣುಕುತ್ತಿದ್ದ. ಆಕೆ ಅವನನ್ನೊಮ್ಮೆ ನೋಡಿದಳು, ಮೊದಲ ಬೀಜ ಎತ್ತಿ ಗಟ್ಟಿಯಾಗಿ "ಲಾಭ" ಎಂದಳು. ಈ ಸಲ ಕಲ್ಲು ಬೇಕಾಗಲಿಲ್ಲ. ಹತ್ತಾದಾಗಲೊಮ್ಮೆ ಎಡಗೈಯ ಒಂದು ಬೆರಳು ಮಡಚಿದಳು.

"ನಾಕು ಕಲ್ಲು, ಏಳ್ರಿ. ನಲವತ್ತೇಳು."

"ನಲವತ್ತಾರು. ತಪ್ಪಿದಿ," ಎಂದರು ಸರ್.

ಆಕೆ ಮತ್ತೆ ತಲೆ ತಗ್ಗಿಸುತ್ತಾಳೆ, ಮುಗಿಯಿತು ಎಂದುಕೊಂಡೆ. ದ್ಯಾಮಕ್ಕ ತಲೆ ತಗ್ಗಿಸಲಿಲ್ಲ.

"ಇಲ್ರಿ ಸರ. ನೀವ ಒಂದ ಬಿಟ್ಟೀರಿ. ಬಾಯಿಬಿಟ್ಟು ಎಣಸ್ರಿ."

ಪಾಟೀಲ ಸರ್ ಹುಬ್ಬೇರಿಸಿ ಆಕೆಯನ್ನು ನೋಡಿದರು. ಆಮೇಲೆ ಬೀಜ ಮುಂದಕ್ಕೆಳೆದುಕೊಂಡು ಗಟ್ಟಿಯಾಗಿ ಎಣಿಸಿದರು. ಮೂವತ್ತೆರಡಕ್ಕೆ ಬಂದಾಗ ಉಳಿದಿದ್ದ ಘಾಟು ಮೂಗಿಗೇರಿ ಒಂದರ ಮೇಲೊಂದು ಸೀನು ಬಂದವು. ಕರವಸ್ತ್ರ ಹುಡುಕಿದರು, ಕಣ್ಣೊರೆಸಿಕೊಂಡರು. ಅಷ್ಟು ಹೊತ್ತೂ ದ್ಯಾಮಕ್ಕ ಮೇಜಿನ ಅಂಚು ಹಿಡಿದು ನಿಂತು, "ಮೂವತ್ತೆರಡು, ಮೂವತ್ತೆರಡು, ಮೂವತ್ತೆರಡು," ಎಂದು ಅವರ ಅಂಕಿಯನ್ನು ಕಾಯುತ್ತಿದ್ದಳು.

"ಎಲ್ಲಿದ್ದೆ ನಾನು?" ಎಂದರು ಸರ್.

"ಮೂವತ್ತೆರಡರಾಗ ಇದ್ರಿ. ಈಗ ಮೂವತ್ಮೂರು ಅನ್ರಿ."

ಅಂದರು. ಕೊನೆಯ ಬೀಜಕ್ಕೆ ನಲವತ್ತೇಳಾಯಿತು. ಮಕ್ಕಳು ಕಿರುಚಿದ ಕಿರುಚಿಗೆ ಹಂಚಿನ ಮೇಲಿನ ಪಾರಿವಾಳಗಳು ಎದ್ದವು. ದ್ಯಾಮಕ್ಕ ಯಾರೂ ಹೇಳದೆಯೇ ಹಲಗೆಯ ಹತ್ತಿರ ಹೋಗಿ 47 ಎಂದು ಮೊಳದುದ್ದ ಬರೆದಳು.

ಪಾಟೀಲ ಸರ್ ಒಂದು ಬೀಜವನ್ನು ಬೆರಳಲ್ಲಿ ಉರುಳಿಸಿದರು. ಆಮೇಲೆ ನನಗಷ್ಟೇ ಕೇಳುವಂತೆ, "ನಮ್ಮಪ್ಪನೂ ಹಿಂಗ ಅಳೀತಿದ್ದ್ರಿ. ನಾ ಸಾಲಿಗೆ ಬಂದು ಮೊದಲನೇ ದಿನ ಲಾಭ ಅಂದಿದ್ದೆ. ಮಾಸ್ತರು ಕೈ ಕೆಂಪಗಾಗೂವಂಗ ಹೊಡದ್ರು. ಅವತ್ತ ಬಾಯಿ ಮುಚ್ಚಿದ್ದು," ಎಂದರು. ಎದ್ದು ಬಾಗಿಲಿಗೆ ಹೋಗಿ ಮಂಜನ ತಲೆಯ ಮೇಲೆ ಕೈಯಾಡಿಸಿ, "ನಿಮ್ಮಕ್ಕ ಬರಂಗಿಲ್ಲೋ ನಿನ್ನ ಬಾಜೂಕ. ನೀನ ಲಗೂ ಮ್ಯಾಲ ಬಾ," ಎಂದರು. ಮಂಜ ಭೋರೆಂದು ಅತ್ತ. ಆ ದಿನ ಅತ್ತವನು ಅವನೊಬ್ಬನೇ, ನನ್ನನ್ನು ಬಿಟ್ಟರೆ.

ಏಪ್ರಿಲ್ ಬಂತು, ನನ್ನ ಅತಿಥಿಗಿರಿ ಮುಗಿಯಿತು. ಕೊನೆಯ ದಿನ 'ಮಾತಿನ ಲೆಕ್ಕ'ದ ಕೊನೆಯ ಪುಟದಲ್ಲಿ ಈ ವರ್ಷ ಏನಾಯಿತೆಂದು ಬರೆಯಲು ಹೇಳಿದೆ. ದ್ಯಾಮಕ್ಕ ತಾನು ಬರೆದ ಪುಟವನ್ನು ಹರಿದು ನನ್ನ ಕೈಗೇ ಕೊಟ್ಟಳು. ಆಮೇಲೆ ಎರಡು ಶಾಲೆ ಬದಲಾಯಿಸಿದ್ದೇನೆ, ಪರ್ಸು ನಾಲ್ಕು ಬದಲಾಯಿಸಿದ್ದೇನೆ. ಆ ಹಾಳೆ ಮಾತ್ರ ಪರ್ಸಿನಿಂದ ಪರ್ಸಿಗೆ ಬರುತ್ತಲೇ ಇದೆ.

ರಸ್ತೆಯಲ್ಲಿ ಟ್ರ್ಯಾಕ್ಟರಿನವನೇ ಹಿಂದೆ ಸರಿದ. ಬಸ್ಸು ಹೊರಟಿತು. ಅಜ್ಜ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಪರ್ಸು ತೆಗೆದು ಹಾಳೆ ಕೊಟ್ಟೆ.

"ಚಾಳೀಸ ತಂದಿಲ್ಲವಾ, ಅಕ್ಷರ ಕಾಣಂಗಿಲ್ಲ, ನೀನ ಓದು," ಎಂದ.

ಬಸ್ಸಿನ ಗದ್ದಲದಲ್ಲಿ ಆತನ ಕಿವಿಯ ಹತ್ತಿರ ಬಾಗಿ ಓದಿದೆ:

"ನಮ್ಮ ಅಕ್ಕೋರಿಗೆ ಮೊದಲ ಎಣಸಾಕ ಬರತಿದ್ದಿಲ್ಲ. ನಾನು ಮತ್ತು ನಮ್ಮ ಆಯಿ ಕಲಿಸಿದೆವು. ಈಗ ಬರತೈತಿ."